ಪಿಕಪ್ ಟ್ರಕ್‌ಗೆ ಪವರ್ ಸಾಲುತ್ತಿಲ್ಲವೇ? ಮೊದಲು ಯಾವುದಕ್ಕೆ ಕೈ ಹಾಕಬೇಕು

ಪಿಕಪ್‌ನ ಪವರ್ ಹೆಚ್ಚಿಸಲು ಹೊರಟವರ ಕೈ ಸಾಮಾನ್ಯವಾಗಿ ಮೊದಲು ಹೋಗುವುದು ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಸಾಮಾನಿನ ಕಡೆಗೆ. ಕೋನ್ ಏರ್ ಫಿಲ್ಟರ್, ದಪ್ಪ ಪೈಪಿನ ಸೈಲೆನ್ಸರ್, ಆಕ್ಸಿಲರೇಟರ್ ಪೆಡಲ್‌ಗೆ ಸಿಕ್ಕಿಸುವ ಪುಟ್ಟ ಡಬ್ಬಿ. ಬಾನೆಟ್ ಎತ್ತಿದರೆ ಹೊಳೆಯುತ್ತವೆ, ಸ್ಟಾರ್ಟ್ ಮಾಡಿದರೆ ಗುಡುಗುತ್ತವೆ. ಲೋಡ್ ಹಾಕಿಕೊಂಡು ಏರು ಹತ್ತುವಾಗ ಮಾತ್ರ ಗಾಡಿ ಮೊದಲಿನ ಹಾಗೆಯೇ ಗೇರ್ ಇಳಿಸು ಅನ್ನುತ್ತದೆ.

ನನ್ನ ಪ್ರಕಾರ ಈ ಕ್ರಮವೇ ತಲೆಕೆಳಗು. ಕಂಪನಿ ಕೊಟ್ಟ ಪವರ್ ಪೂರ್ತಿ ಸಿಗುವಂತೆ ಮಾಡುವುದು ಮೊದಲು. ಅದು ಚಕ್ರಕ್ಕೆ ಸರಿಯಾಗಿ ತಲುಪುವಂತೆ ಮಾಡುವುದು ಎರಡನೆಯದು. ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಅದರ ಟ್ಯೂನಿಂಗ್ ಮೂರನೆಯದು. ಫಿಲ್ಟರ್, ಸೈಲೆನ್ಸರ್ ಎಲ್ಲ ಅದರ ಹಿಂದೆ ಬರಲಿ, ಅದೂ ಬೇಕು ಅಂತ ಅಳತೆ ಹೇಳಿದರೆ.

ಎಲ್ಲಿ ಸಾಲುತ್ತಿಲ್ಲ, ಅದನ್ನು ಹೇಳಿ

"ಪವರ್ ಕಮ್ಮಿ" ಅಂದರೆ ಯಾವ ಮೆಕ್ಯಾನಿಕ್‌ಗೂ ಏನೂ ಗೊತ್ತಾಗುವುದಿಲ್ಲ. ಯಾವ ಗೇರಿನಲ್ಲಿ, ಎಷ್ಟು ಆರ್‌ಪಿಎಂನಲ್ಲಿ (ನಿಮಿಷಕ್ಕೆ ಇಂಜಿನ್ ಎಷ್ಟು ಸುತ್ತು), ಎಷ್ಟು ಲೋಡ್ ಇದ್ದಾಗ ಗಾಡಿ ಸೋಲುತ್ತದೆ ಅನ್ನುವುದನ್ನು ಒಂದು ವಾರ ಗಮನಿಸಿ, ಬರೆದಿಟ್ಟುಕೊಳ್ಳಿ. ಕಿಲೋವ್ಯಾಟ್ ಲೆಕ್ಕ ಸುಲಭ: ಟಾರ್ಕ್ (ತಿರುಗಿಸುವ ಬಲ, ನ್ಯೂಟನ್ ಮೀಟರ್‌ನಲ್ಲಿ) ಅನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿ. 2000 ಆರ್‌ಪಿಎಂನಲ್ಲಿ 400 ನ್ಯೂಟನ್ ಮೀಟರ್ ಕೊಡುವ ಇಂಜಿನ್ ಆಗ ಹೊರಹಾಕುವುದು ಸುಮಾರು 84 ಕಿಲೋವ್ಯಾಟ್. ಅದೇ ಇಂಜಿನ್ 3500 ಆರ್‌ಪಿಎಂಗೆ ಹೋದಾಗ ಟಾರ್ಕ್ 300ಕ್ಕೆ ಇಳಿದಿದ್ದರೂ ಪವರ್ 110 ಕಿಲೋವ್ಯಾಟ್.

ಇದರಿಂದ ತಿಳಿಯಬೇಕಾದದ್ದು ಇಷ್ಟು. ಟ್ರೈಲರ್ ಎಳೆಯುವವರಿಗೆ, ಭಾರ ಹೊತ್ತು ಏರು ಹತ್ತುವವರಿಗೆ 1800ರಿಂದ 3000ದ ನಡುವಿನ ಟಾರ್ಕ್ ಮುಖ್ಯ. 4000ದ ತುದಿಯಲ್ಲಿ ಹತ್ತು ಕುದುರೆ ಶಕ್ತಿ (ಎಚ್‌ಪಿ) ಹೆಚ್ಚಾಯಿತು ಅಂತ ಡಬ್ಬದ ಮೇಲೆ ಬರೆದಿದ್ದರೆ ಅಂಥ ಸಾಮಾನಿನಿಂದ ಅವರಿಗೆ ಏನೂ ಪ್ರಯೋಜನವಿಲ್ಲ, ಅಲ್ಲಿಗೆ ಅವರ ಗಾಡಿ ಹೋಗುವುದೇ ಅಪರೂಪ.

ಇರುವ ಪವರ್ ಸೋರಿಹೋಗುತ್ತಿಲ್ಲ ತಾನೆ?

ಒಂದು ಲಕ್ಷ ಕಿಲೋಮೀಟರ್ ದಾಟಿದ ಗಾಡಿಗೆ ಟ್ಯೂನಿಂಗ್ ಮಾಡಿಸುವ ಮುನ್ನ ಈ ಹಂತವನ್ನು ಬಿಡಲೇಬಾರದು. ನಿಧಾನವಾಗಿ ಕಳೆದುಹೋದ ಪವರ್ ಓಡಿಸುವವರ ಗಮನಕ್ಕೆ ಬರುವುದಿಲ್ಲ, ದಿನಾ ಓಡಿಸುತ್ತ ಅದಕ್ಕೇ ಒಗ್ಗಿಹೋಗಿರುತ್ತೇವೆ.

ಟರ್ಬೊ ಗಾಡಿಯಾದರೆ ಟರ್ಬೊದಿಂದ (ಗಾಳಿಯನ್ನು ಒತ್ತಿ ಇಂಜಿನ್‌ಗೆ ತುಂಬುವ ಸಾಧನ) ಇಂಟರ್‌ಕೂಲರ್‌ಗೆ (ಆ ಗಾಳಿಯನ್ನು ತಣ್ಣಗಾಗಿಸುವುದು), ಅಲ್ಲಿಂದ ಇಂಜಿನ್‌ಗೆ ಹೋಗುವ ರಬ್ಬರ್ ಹೋಸ್‌ಗಳನ್ನು ಮೊದಲು ನೋಡಿ. ಸೀಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ಕ್ಲಾಂಪ್ ಪಕ್ಕದಲ್ಲಿ ಅಥವಾ ಹೋಸ್ ಬಾಗುವ ಜಾಗದ ಅಡಿಭಾಗದಲ್ಲಿ, ಅಂದರೆ ಮೇಲಿಂದ ನೋಡಿದರೆ ಕಾಣದ ಕಡೆ. ಕೈಯಿಂದ ಹಿಂಡಿ, ತಿರುಚಿ ನೋಡಿ. ಹೋಸ್‌ನ ಹೊರಗೆ ಒಂದೇ ಕಡೆ ಎಣ್ಣೆ ಪಸೆಗೆ ಧೂಳು ಅಂಟಿ ಕಪ್ಪಾಗಿದ್ದರೆ ಅಲ್ಲಿಂದಲೇ ಗಾಳಿ ಹೊರಹೋಗುತ್ತಿದೆ ಅಂತ ಅನುಮಾನಿಸಿ. ಲೋಡ್ ಬಿದ್ದಾಗ ಕಪ್ಪು ಹೊಗೆ, ಅದರ ಜೊತೆಗೆ ಸುಯ್ ಅನ್ನುವ ಸದ್ದು ಇದ್ದರೆ ಅನುಮಾನ ಇನ್ನೂ ಗಟ್ಟಿ. ವರ್ಕ್‌ಶಾಪಿನಲ್ಲಿ ಕಡಿಮೆ ಒತ್ತಡದ ಗಾಳಿ ತುಂಬಿಸಿ ಸೋಪಿನ ನೀರು ಬಿಟ್ಟರೆ ಗುಳ್ಳೆ ಎಲ್ಲಿ ಏಳುತ್ತದೆಯೋ ಅಲ್ಲೇ ಸೋರಿಕೆ.

ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಗಾಡಿ ಸಾಧಾರಣ ಓಟದಲ್ಲಿ ಚೆನ್ನಾಗಿಯೇ ಇರುತ್ತದೆ, ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಉಸಿರು ಕಟ್ಟುತ್ತದೆ. ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಇಂಜಿನ್‌ಗೆ ಕಳಿಸುವ ವ್ಯವಸ್ಥೆ) ಇರುವ ಡೀಸೆಲ್‌ಗಳಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ (ಗಾಳಿ ಒಳಹೋಗುವ ಕೊಳವೆ) ಒಳಗೆ ಮಸಿಯೂ ಎಣ್ಣೆಯೂ ಸೇರಿ ಡಾಂಬರಿನಂತೆ ಕಟ್ಟಿ ದಾರಿಯನ್ನೇ ಕಿರಿದು ಮಾಡಿರುತ್ತದೆ. ಏರ್ ಫ್ಲೋ ಸೆನ್ಸರ್ ಕೊಳೆಯಾಗಿದ್ದರೆ ಅದಕ್ಕೆಂದೇ ಬರುವ ಸ್ಪ್ರೇಯಿಂದ ತೊಳೆಯಿರಿ, ಬಟ್ಟೆಯಿಂದ ಉಜ್ಜಬೇಡಿ. ಪೆಟ್ರೋಲ್ ಇಂಜಿನ್ ಆದರೆ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಕಂಪ್ರೆಷನ್ ಟೆಸ್ಟ್.

ಇಂಜಿನ್ ತಪ್ಪೇ ಇಲ್ಲದ ಎರಡು ಪ್ರಕರಣಗಳೂ ಉಂಟು. ಒಂದು, ಹಿಡಿದುಕೊಂಡ ಬ್ರೇಕ್. ಸ್ವಲ್ಪ ದೂರ ಬ್ರೇಕ್ ಹಾಕದೆ ಓಡಿಸಿ, ಹಾಗೇ ನಿಧಾನವಾಗಲು ಬಿಟ್ಟು ನಿಲ್ಲಿಸಿ, ನಾಲ್ಕೂ ರಿಮ್‌ಗಳ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಇನ್ನೊಂದು, ಜಾರುವ ಕ್ಲಚ್. ಮೇಲಿನ ಗೇರಿನಲ್ಲಿ ಕಡಿಮೆ ವೇಗದಿಂದ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಆರ್‌ಪಿಎಂ ಮುಳ್ಳು ಮೇಲೆ ಹಾರಿ ಸ್ಪೀಡ್ ಏರದಿದ್ದರೆ ಅದೇ. ಇಂಥ ಕ್ಲಚ್ ಇಟ್ಟುಕೊಂಡೇ ಟ್ಯೂನಿಂಗ್ ಮಾಡಿಸಿದರೆ ಒಂದು ಏರು ಹತ್ತುವಷ್ಟರಲ್ಲಿ ಸುಟ್ಟ ವಾಸನೆ ಕ್ಯಾಬಿನ್ ತುಂಬುತ್ತದೆ.

ಅಳೆದು ಇಟ್ಟುಕೊಳ್ಳಿ

ಸದ್ದು ಹೆಚ್ಚಾದ ಗಾಡಿ ಜೋರಾಗಿ ಓಡಿದ ಹಾಗೆ ಅನ್ನಿಸುತ್ತದೆ. ಆದ್ದರಿಂದ ಮೈಯ ಅನುಭವವನ್ನು ನಂಬದೆ ಗಡಿಯಾರವನ್ನು ನಂಬಿ. ಚಾಸಿ ಡೈನೊ, ಅಂದರೆ ಚಕ್ರಗಳನ್ನು ರೋಲರ್ ಮೇಲೆ ಓಡಿಸಿ ಪವರ್ ಅಳೆಯುವ ಯಂತ್ರ, ಸಿಕ್ಕರೆ ಒಳ್ಳೆಯದೇ. ಆದರೆ ಮೊದಲು ಮತ್ತು ಆಮೇಲಿನ ಎರಡೂ ಓಟ ಒಂದೇ ಯಂತ್ರದಲ್ಲಿ, ಸಾಧ್ಯವಾದಷ್ಟು ಒಂದೇ ಹವೆಯಲ್ಲಿ ಆಗಬೇಕು. ಬೇರೆ ಬೇರೆ ಡೈನೊಗಳ ಅಂಕಿಯನ್ನು ಹೋಲಿಸುವುದು ವ್ಯರ್ಥ. ಬ್ರೋಷರ್‌ನಲ್ಲಿರುವುದು ಇಂಜಿನ್‌ನ ಅಂಕಿ, ಡೈನೊ ತೋರಿಸುವುದು ಚಕ್ರದ್ದು. ಗೇರ್‌ಬಾಕ್ಸ್, ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರುಗಳ ಗುಂಪು) ನುಂಗಿದ್ದು ಕಳೆದು ಅದು ಕಡಿಮೆಯೇ ಇರುತ್ತದೆ, ಗಾಬರಿ ಬೇಡ.

ಡೈನೊ ಇಲ್ಲದಿದ್ದರೆ ಖಾಲಿ, ಸಮತಟ್ಟಾದ, ಕಾನೂನು ಒಪ್ಪುವ ಜಾಗದಲ್ಲಿ ಒಂದೇ ಗೇರಿನಲ್ಲಿ 60ರಿಂದ 100 ಕಿಲೋಮೀಟರ್ ವೇಗಕ್ಕೆ ಎಷ್ಟು ಸಮಯ ಹಿಡಿಯುತ್ತದೆ ನೋಡಿ. ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯಿರಿ, ಗಾಳಿಯ ದಿಕ್ಕು, ಸಣ್ಣ ಇಳಿಜಾರು ಎರಡೂ ವಜಾ ಆಗುತ್ತವೆ. ಡೀಸೆಲ್ ಟ್ಯಾಂಕ್ ಪ್ರತಿ ಸಲ ಒಂದೇ ಮಟ್ಟದಲ್ಲಿರಲಿ. ಎರಡು ಟನ್ ತೂಕದ ಗಾಡಿಯನ್ನು 60ರಿಂದ 100ಕ್ಕೆ ತರಲು ಬೇಕಾದ ಶಕ್ತಿ ಸುಮಾರು 494 ಕಿಲೋಜೂಲ್. ಎಂಟು ಸೆಕೆಂಡಿನಲ್ಲಿ ಮುಗಿದರೆ, ಗಾಳಿ ಮತ್ತು ಟೈರು ತಿಂದದ್ದನ್ನು ಬಿಟ್ಟು, ಗಾಡಿಯನ್ನು ಮುಂದೆ ತಳ್ಳಿದ ಸರಾಸರಿ ಪವರ್ 62 ಕಿಲೋವ್ಯಾಟ್. ಏಳು ಸೆಕೆಂಡಿಗೆ ಇಳಿದರೆ 71. ಶೇಕಡಾ ಎರಡು ಮೂರು ಹೆಚ್ಚಳ ಅಂದರೆ ಕಾಲು ಸೆಕೆಂಡಿಗೂ ಕಡಿಮೆ ವ್ಯತ್ಯಾಸ, ಅದು ಸೀಟಿನಲ್ಲಿ ಕೂತವರಿಗೆ ಗೊತ್ತಾಗುವಂಥದ್ದಲ್ಲ. ಯಾರಾದರೂ ಫಿಲ್ಟರ್ ಬದಲಿಸಿ "ಗಾಡಿ ಹಾರುತ್ತೆ" ಅಂದರೆ ನಕ್ಕು ಸುಮ್ಮನಾಗಿ.

ಓಬಿಡಿ ಪೋರ್ಟ್‌ಗೆ (ಇಸಿಯುವಿನ ಮಾಹಿತಿ ಸಿಗುವ ಸಾಕೆಟ್) ಸಿಕ್ಕಿಸುವ ಸ್ಕ್ಯಾನರ್ ಇದ್ದರೆ ಅದೇ ಓಟದಲ್ಲಿ ಬೂಸ್ಟ್ (ವಾತಾವರಣದ ಒತ್ತಡದ ಮೇಲೆ ಟರ್ಬೊ ಸೇರಿಸುವ ಒತ್ತಡ), ಇನ್‌ಟೇಕ್ ಗಾಳಿಯ ಉಷ್ಣಾಂಶ, ಡೀಸೆಲ್ ಆದರೆ ರೈಲ್ ಪ್ರೆಷರ್ (ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳಿಗೆ ಹೋಗುವ ಕೊಳವೆಯ ಒತ್ತಡ), ಪೆಟ್ರೋಲ್ ಆದರೆ ಇಗ್ನಿಷನ್ ಟೈಮಿಂಗ್ ರೆಕಾರ್ಡ್ ಮಾಡಿ. ಮ್ಯಾನಿಫೋಲ್ಡ್ ಪ್ರೆಷರ್ 220 ಕಿಲೋಪಾಸ್ಕಲ್ ಅಂತ ತೋರಿಸಿದರೆ ಅದರಲ್ಲಿ 100ರಷ್ಟು ವಾತಾವರಣದ್ದೇ, ಬೂಸ್ಟ್ 120. ಇಸಿಯು ಕೇಳಿದ ಬೂಸ್ಟ್ ಒಂದು, ಸಿಕ್ಕಿದ್ದು ಇನ್ನೊಂದು ಆಗಿದ್ದರೆ ಹಿಂದಿನ ಹಂತದ ಕೆಲಸ ಇನ್ನೂ ಬಾಕಿ ಇದೆ ಅಂತಲೇ ಅರ್ಥ. ಈ ದಾಖಲೆ ಮುಂದೆ ಟ್ಯೂನರ್‌ಗೂ ಬೇಕಾಗುತ್ತದೆ.

ಟೈರು ದೊಡ್ಡದು ಮಾಡಿದ್ದೀರಾ?

ಪಿಕಪ್ ಮಂದಿ ಈ ಕಾರಣವನ್ನು ಬೇಗ ಒಪ್ಪುವುದಿಲ್ಲ, ಯಾಕೆಂದರೆ ದೊಡ್ಡ ಟೈರು ನೋಡಲು ಚೆಂದ. ಲೆಕ್ಕ ನೋಡಿ. 265/65 ಆರ್ 17 ಟೈರಿನ ವ್ಯಾಸ ಸುಮಾರು 776 ಮಿಲಿಮೀಟರ್. 285/70 ಆರ್ 17 ಹಾಕಿದರೆ ಸುಮಾರು 831. ಅಂದರೆ ಶೇಕಡಾ 7 ದೊಡ್ಡದು, ಚಕ್ರಕ್ಕೆ ಸಿಗುವ ತಳ್ಳುವ ಬಲದಲ್ಲಿ ಹೆಚ್ಚುಕಡಿಮೆ ಅಷ್ಟೇ ಕಡಿತ. ಡಿಫರೆನ್ಷಿಯಲ್ ಅನುಪಾತ (ಚಕ್ರ ಒಂದು ಸುತ್ತು ಸುತ್ತಲು ಗೇರ್‌ಬಾಕ್ಸ್‌ನಿಂದ ಬರುವ ಶಾಫ್ಟ್ ಎಷ್ಟು ಸುತ್ತಬೇಕು ಅನ್ನುವುದು) 3.73 ಇದ್ದದ್ದು 3.49 ಇದ್ದ ಹಾಗೆ ವರ್ತಿಸುತ್ತದೆ. ಭಾರದ ಟೈರನ್ನು ತಿರುಗಿಸಲು ಬೇಕಾದ ಹೆಚ್ಚಿನ ಬಲ ಇದರ ಮೇಲೆ. ಸ್ಪೀಡೋಮೀಟರ್ ಕೂಡ ಮೊದಲಿಗಿಂತ ಅಷ್ಟು ಕಡಿಮೆ ತೋರಿಸತೊಡಗುತ್ತದೆ.

ಕಳೆದದ್ದನ್ನು ಮರಳಿ ಪಡೆಯಲು ಬೇಕಾದದ್ದು 3.99ರ ಆಸುಪಾಸಿನ ಅನುಪಾತ. ಸಿಗುವುದರಲ್ಲಿ 4.10 ಹತ್ತಿರದ್ದು. ಡಿಫರೆನ್ಷಿಯಲ್‌ನ ಕ್ರೌನ್ ಮತ್ತು ಪಿನಿಯನ್ ಬದಲಿಸುವುದು ಸಣ್ಣ ಕೆಲಸವಲ್ಲ. ಹಲ್ಲುಗಳ ನಡುವಿನ ಸಡಿಲ, ಕೂಡುವ ಜಾಗ ಎಲ್ಲ ಸರಿಯಾಗಿ ಕೂರಿಸಬಲ್ಲ ಕೈ ಬೇಕು, ಇಲ್ಲದಿದ್ದರೆ ಕೆಲವೇ ದಿನದಲ್ಲಿ ಕೊರೆಯುವ ಸದ್ದು ಶುರು. ಫೋರ್ ವೀಲ್ ಡ್ರೈವ್ ಆದರೆ ಮುಂದಿನ ಡಿಫರೆನ್ಷಿಯಲ್‌ಗೂ ಅದೇ ಅನುಪಾತ ಕಡ್ಡಾಯ. ಎರಡೂ ಬೇರೆ ಬೇರೆಯಾದರೆ ಫೋರ್ ವೀಲ್ ಹಾಕಿದ ಕೂಡಲೆ ಮುಂದಿನ, ಹಿಂದಿನ ಚಕ್ರಗಳು ಒಂದನ್ನೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸ್ (ಎರಡೂ ಕಡೆಗೆ ಪವರ್ ಹಂಚುವ ಭಾಗ) ಹಾಳು. ಇಷ್ಟೆಲ್ಲ ಬೇಡ ಅನ್ನುವವರಿಗೆ ಮೂಲ ಅಳತೆಯ ಟೈರಿಗೆ ಹಿಂತಿರುಗುವುದೇ ಮೊದಲ ಮಾರ್ಪಾಡು.

ಟರ್ಬೊ ಇಲ್ಲದ ಪೆಟ್ರೋಲ್ ಪಿಕಪ್‌ಗೆ ನಾನು ಹೇಳುವ ಮೊದಲ ದೊಡ್ಡ ಕೆಲಸ ಈ ಗೇರಿಂಗ್ ಬದಲಾವಣೆಯೇ. ಅಂಥ ಇಂಜಿನ್‌ನಲ್ಲಿ ಟ್ಯೂನಿಂಗ್‌ನಿಂದ ಸಿಗುವುದು ಅಲ್ಪ. ಗೇರಿಂಗ್‌ನಿಂದ ಸಿಗುವುದು ಎಲ್ಲ ಗೇರಿನಲ್ಲೂ, ಎಲ್ಲ ಆರ್‌ಪಿಎಂನಲ್ಲೂ ಸಿಗುತ್ತದೆ. ಹೈವೇ ಮೇಲೆ ಇಂಜಿನ್ ಸ್ವಲ್ಪ ಜಾಸ್ತಿ ಸುತ್ತುತ್ತದೆ, ಮೈಲೇಜ್ ಸ್ವಲ್ಪ ಇಳಿಯಬಹುದು, ಅದನ್ನು ಒಪ್ಪಿಕೊಂಡೇ ಮಾಡಿಸಿ.

ತೂಕದ ಮಾತೂ ಇಲ್ಲೇ ಮುಗಿಸಿಬಿಡೋಣ. ಉಕ್ಕಿನ ಬಂಪರ್, ವಿಂಚ್, ರೂಫ್ ರ್ಯಾಕ್, ಯಾವಾಗಲೋ ಬೇಕಾಗುತ್ತೆ ಅಂತ ಹಿಂದೆ ಬಿದ್ದಿರುವ ಸಾಮಾನು ಎಲ್ಲ ಕೂಡಿಸಿ. ಎರಡು ಟನ್ ಗಾಡಿಯಿಂದ 100 ಕೆಜಿ ಇಳಿಸಿದರೆ ವೇಗ ಏರಿಸುವಾಗ ಶೇಕಡಾ 5 ಪವರ್ ಹೆಚ್ಚಿಸಿದ್ದಕ್ಕೆ ಸಮ.

ಟರ್ಬೊ ಡೀಸೆಲ್ ಆದರೆ: ಮೊದಲು ಮೀಟರ್, ಆಮೇಲೆ ಮ್ಯಾಪ್

ಒಂದೇ ಕೆಲಸದಲ್ಲಿ ನಿಜವಾದ ಹೆಚ್ಚಳ ಬೇಕಿದ್ದರೆ ಟರ್ಬೊ ಡೀಸೆಲ್‌ನಲ್ಲಿ ಅದು ಇಸಿಯು ರೀಮ್ಯಾಪ್, ಅಂದರೆ ಇಸಿಯು ಒಳಗಿನ ಲೆಕ್ಕಪಟ್ಟಿಗಳನ್ನು (ಮ್ಯಾಪ್) ಬದಲಿಸುವುದು. ಟರ್ಬೊ, ಇಂಜೆಕ್ಟರ್ ಏನನ್ನೂ ಬದಲಿಸದೆ ಸಾಮಾನ್ಯವಾಗಿ ಶೇಕಡಾ 15ರಿಂದ 25ರವರೆಗೆ ಸಿಗುತ್ತದೆ. ಟರ್ಬೊ ಪೆಟ್ರೋಲ್‌ಗೂ ಲಾಭವಿದೆ, ಆದರೆ ಅಲ್ಲಿ ನಾಕಿಂಗ್ (ಪೆಟ್ರೋಲ್ ತಾನಾಗಿಯೇ ಸಿಡಿದು ಹೊತ್ತಿಕೊಳ್ಳುವುದು) ಬೇಲಿ ಹಾಕುತ್ತದೆ. ಯಾವ ಆಕ್ಟೇನ್‌ಗೆ (ನಾಕಿಂಗ್ ತಡೆಯುವ ಗುಣದ ಅಂಕಿ) ಟ್ಯೂನ್ ಮಾಡಿದ್ದಾರೋ ಅದಕ್ಕಿಂತ ಕೆಳಗಿನ ಪೆಟ್ರೋಲ್ ಮುಂದೆಂದೂ ಹಾಕುವಂತಿಲ್ಲ.

ಡೀಸೆಲ್ ಇಂಜಿನ್ ಗಾಳಿಯನ್ನು ಧಾರಾಳವಾಗಿ ಎಳೆದುಕೊಳ್ಳುತ್ತದೆ, ಪವರ್ ನಿರ್ಧಾರವಾಗುವುದು ಎಷ್ಟು ಡೀಸೆಲ್ ಸಿಂಪಡಿಸಿದರು ಅನ್ನುವುದರ ಮೇಲೆ. ಹೆಚ್ಚು ಸಿಂಪಡಿಸಿ ಅದಕ್ಕೆ ತಕ್ಕ ಗಾಳಿ ಕೊಡದಿದ್ದರೆ ಕಪ್ಪು ಹೊಗೆ, ಅದಕ್ಕಿಂತ ಮುಖ್ಯವಾಗಿ ಬಿಸಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ, ಟರ್ಬೊಗಿಂತ ಮುಂಚೆ, ಬಹಳ ಹೊತ್ತು 700 ಡಿಗ್ರಿ ಸೆಲ್ಸಿಯಸ್ ದಾಟಿಸುವುದು ಅಪಾಯ ಅಂತ ಡೀಸೆಲ್ ಟ್ಯೂನರ್‌ಗಳು ಸಾಮಾನ್ಯವಾಗಿ ಗೆರೆ ಎಳೆಯುತ್ತಾರೆ. ಅಲ್ಯೂಮಿನಿಯಂ ಕರಗುವುದೇ 660 ಡಿಗ್ರಿಯಲ್ಲಿ. ಅಲ್ಯೂಮಿನಿಯಂ ಪಿಸ್ಟನ್ ಉಳಿದುಕೊಂಡಿರುವುದು ಒಂದು ಕಡೆ ಕೆಳಗಿನಿಂದ ಎರಚುವ ಎಣ್ಣೆಯ ಕೃಪೆ, ಇನ್ನೊಂದು ಕಡೆ ಆ ಬಿಸಿ ಕ್ಷಣಮಾತ್ರ ಇರುವುದರ ಕೃಪೆ. ಭಾರ ಎಳೆಯುತ್ತ ಹತ್ತು ನಿಮಿಷ ಏರು ಹತ್ತುವಾಗ ಆ ಕೃಪೆ ಕರಗುತ್ತ ಹೋಗುತ್ತದೆ.

ಆದ್ದರಿಂದ ಟ್ಯೂನಿಂಗ್‌ಗೆ ಮೊದಲೇ ಎಕ್ಸಾಸ್ಟ್ ಉಷ್ಣಾಂಶದ ಮೀಟರ್ ಹಾಕಿಸಿ, ಜೊತೆಗೆ ಬೂಸ್ಟ್ ಮೀಟರ್. ಪ್ರೋಬ್ ಟರ್ಬೊಗಿಂತ ಮುಂಚೆ ಕೂರಬೇಕು. ಟರ್ಬೊ ದಾಟಿದ ಮೇಲೆ ಕೂರಿಸಿದರೆ ಲೋಡ್‌ನಲ್ಲಿ ನೂರು ಡಿಗ್ರಿಗೂ ಹೆಚ್ಚು ಕಡಿಮೆ ತೋರಿಸಿ ಸುಳ್ಳು ಧೈರ್ಯ ಕೊಡಬಹುದು. ತೂತು ಕೊರೆಯುವಾಗ ಮ್ಯಾನಿಫೋಲ್ಡ್ ಬಿಚ್ಚಿ ಹೊರತೆಗೆದೇ ಕೊರೆಯಲಿ ಅಂತ ಪಟ್ಟು ಹಿಡಿಯಿರಿ. ಒಳಗೆ ಬಿದ್ದ ಒಂದು ಲೋಹದ ಚೂರು ಸಾಕು, ಟರ್ಬೊದ ರೆಕ್ಕೆ ಮುರಿಯಲು.

ಇನ್ನು ರೀಮ್ಯಾಪೋ, ಟ್ಯೂನಿಂಗ್ ಬಾಕ್ಸೋ? ಬಾಕ್ಸ್ ಮಾಡುವುದು ಹೆಚ್ಚಾಗಿ ಒಂದೇ ಕೆಲಸ. ರೈಲ್ ಪ್ರೆಷರ್ ಸೆನ್ಸರ್‌ನ ಸಿಗ್ನಲ್ ನಡುವೆ ಕೂತು "ಒತ್ತಡ ಕಡಿಮೆ ಇದೆ" ಅಂತ ಇಸಿಯುಗೆ ಸುಳ್ಳು ಹೇಳುತ್ತದೆ, ಇಸಿಯು ಒತ್ತಡ ಏರಿಸುತ್ತದೆ, ಹೆಚ್ಚು ಡೀಸೆಲ್ ಒಳಗೆ ಹೋಗುತ್ತದೆ. ಬಿಚ್ಚುವುದು ಸುಲಭ, ಅದು ಅದರ ಒಂದೇ ಗುಣ. ಎರಡು ಸಾವಿರ ಬಾರ್‌ನ ಆಸುಪಾಸಿನಲ್ಲಿ ಕೆಲಸ ಮಾಡುತ್ತಿರುವ ಪಂಪಿಗೂ ಇಂಜೆಕ್ಟರ್‌ಗಳಿಗೂ ಹೊರೆ ಹೆಚ್ಚುತ್ತದೆ, ಅದರ ಅರಿವು ಇಸಿಯುಗೆ ಇರುವುದಿಲ್ಲ. ಸರಿಯಾದ ರೀಮ್ಯಾಪ್‌ನಲ್ಲಿ ಡೀಸೆಲ್ ಪ್ರಮಾಣ, ಬೂಸ್ಟ್, ಟೈಮಿಂಗ್, ಟಾರ್ಕ್ ಮಿತಿ, ಹೊಗೆ ಮಿತಿ ಎಲ್ಲ ಒಂದಕ್ಕೊಂದು ಹೊಂದಿಕೊಂಡು ಬದಲಾಗುತ್ತವೆ. ಎರಡರಲ್ಲಿ ನನ್ನ ಆಯ್ಕೆ ರೀಮ್ಯಾಪ್, ಅನುಮಾನವೇ ಇಲ್ಲ. ಇನ್‌ಟೇಕ್ ಉಷ್ಣಾಂಶದ ಸೆನ್ಸರ್ ವೈರಿಗೆ ಒಂದು ರೆಸಿಸ್ಟರ್ ಸೇರಿಸಿ "ಪವರ್ ಚಿಪ್" ಅಂತ ಮಾರುವುದಂತೂ ಎರಡೂ ಅಲ್ಲ, ಬರೀ ಮೋಸ.

ಟ್ಯೂನರ್ ಮುಂದೆ ಕೂತಾಗ ಎಷ್ಟು ಕುದುರೆ ಬರುತ್ತೆ ಅಂತ ಕೇಳಬೇಡಿ. ಗರಿಷ್ಠ ಟಾರ್ಕ್ ಯಾವ ಆರ್‌ಪಿಎಂನಲ್ಲಿ ಬರುತ್ತೆ ಕೇಳಿ. 1500ರಲ್ಲೇ ಪೂರ್ತಿ ತಂದರೆ ಓಡಿಸಲು ಮಜಾ, ಆದರೆ ಕನೆಕ್ಟಿಂಗ್ ರಾಡ್, ಕ್ಲಚ್, ಗೇರ್‌ಬಾಕ್ಸ್ ಎಲ್ಲಕ್ಕೂ ಏಟು ಅಲ್ಲೇ ಬೀಳುವುದು. 2000ದ ಹತ್ತಿರ ನಿಧಾನವಾಗಿ ಏರುವ ಟಾರ್ಕ್ ಬಾಳಿಕೆಗೆ ಒಳ್ಳೆಯದು. ನನ್ನ ಗಾಡಿಯ ಲಾಗ್ (ಸ್ಕ್ಯಾನರ್ ದಾಖಲೆ) ನೋಡಿ ಫೈಲ್ ಬರೆಯುತ್ತೀರಾ, ಅಥವಾ ಇಟ್ಟುಕೊಂಡ ರೆಡಿ ಫೈಲನ್ನೇ ಹಾಕುತ್ತೀರಾ? ಹಾಕಿದ ಮೇಲೆ ಮತ್ತೆ ಲಾಗ್ ತೆಗೆದು ತೋರಿಸುತ್ತೀರಾ? ಆಟೊಮ್ಯಾಟಿಕ್ ಆದರೆ ಗೇರ್‌ಬಾಕ್ಸ್ ಕಂಪ್ಯೂಟರ್‌ನ ಟಾರ್ಕ್ ಮಿತಿಗೆ ಏನು ಮಾಡುತ್ತೀರಿ? ಈ ಪ್ರಶ್ನೆಗಳಿಗೆ ಮುಖ ಸಿಂಡರಿಸಿದರೆ ಎದ್ದು ಬನ್ನಿ.

ಕಂಪನಿಗಳೇ ಪವರ್ ಹೆಚ್ಚಿಸುವಾಗ ಏನು ಮಾಡುತ್ತವೆ ಅನ್ನುವುದಕ್ಕೆ ಒಂದು ಉದಾಹರಣೆ ಕೈಗೆಟುಕುವಂತಿದೆ. ಟೊಯೊಟಾ ಹೈಲಕ್ಸ್‌ನ 2.8 ಲೀಟರ್ ಡೀಸೆಲ್ 2015ರಲ್ಲಿ ಬಂದಾಗ 130 ಕಿಲೋವ್ಯಾಟ್ ಇತ್ತು, 2020ರಲ್ಲಿ 150 ಆಯಿತು. ಆಟೊಮ್ಯಾಟಿಕ್‌ನಲ್ಲಿ ಟಾರ್ಕ್ 450ರಿಂದ 500 ನ್ಯೂಟನ್ ಮೀಟರ್‌ಗೆ ಏರಿತು, ಮ್ಯಾನುಯಲ್‌ನಲ್ಲಿ ಮಾತ್ರ 420ರಲ್ಲೇ ಉಳಿಯಿತು. ಇಂಜಿನ್ ಒಂದೇ, ಹಿಂದಿರುವ ಗೇರ್‌ಬಾಕ್ಸ್ ಬೇರೆ. ಇಂಜಿನ್ ಕೊಡಬಲ್ಲದ್ದೆಲ್ಲ ಗೇರ್‌ಬಾಕ್ಸ್‌ಗೂ ಒಗ್ಗುತ್ತದೆ ಅಂತ ತಿಳಿಯಬಾರದು. ನಿಮ್ಮದು ಮ್ಯಾನುಯಲ್ ಆದರೆ ಟ್ಯೂನರ್‌ಗೆ ಟಾರ್ಕ್ ಮಿತಿಯನ್ನು ನೀವೇ ಹೇಳಿ. ಆಟೊಮ್ಯಾಟಿಕ್ ಆದರೆ ಗೇರ್ ಆಯಿಲ್‌ನ ಉಷ್ಣಾಂಶ ನೋಡಿಕೊಳ್ಳಿ. 120 ಡಿಗ್ರಿ ದಾಟಿದರೆ ಆಯಿಲ್ ಬೇಗ ಕೆಡುತ್ತದೆ, ಕೂಲರ್ ಹಾಕಿಸುವುದು ಆಗ ಐಷಾರಾಮವಲ್ಲ.

ಏರ್ ಫಿಲ್ಟರ್: ನೀರಿನ ಕೊಳವೆ ಹೇಳುವ ಸತ್ಯ

ಹೊಸ ಇನ್‌ಟೇಕ್ ಬೇಕೋ ಬೇಡವೋ ಅನ್ನುವುದಕ್ಕೆ ವಾದ ಬೇಡ, ಒಂದು ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಸಾಕು. ಮೂರು ಮೀಟರ್ ಉದ್ದದ್ದನ್ನು ಯು ಆಕಾರದಲ್ಲಿ ಒಂದು ಹಲಗೆಗೆ ಕಟ್ಟಿ, ಅರ್ಧದಷ್ಟು ಬಣ್ಣದ ನೀರು ತುಂಬಿ. ಒಂದು ತುದಿಗೆ ಇನ್ನೊಂದು ಉದ್ದದ ಕೊಳವೆ ಜೋಡಿಸಿ ಏರ್ ಫಿಲ್ಟರ್ ದಾಟಿದ ಜಾಗಕ್ಕೆ ಸೇರಿಸಿ. ಫಿಲ್ಟರ್ ಇಂಡಿಕೇಟರ್ ಇರುವ ಗಾಡಿಗಳಲ್ಲಿ ಅದರ ತೂತೇ ಸಿಗುತ್ತದೆ. ಇನ್ನೊಂದು ತುದಿ ತೆರೆದಿರಲಿ. ಹಲಗೆಯನ್ನು ಪಕ್ಕದ ಸೀಟಿನಲ್ಲಿ ಕೂತವರು ನೆಟ್ಟಗೆ ಹಿಡಿದಿರಲಿ, ಫೋನಿನಲ್ಲಿ ವಿಡಿಯೊ ತೆಗೆಯಲಿ. ಪೂರ್ತಿ ಆಕ್ಸಿಲರೇಟರ್‌ನಲ್ಲಿ, ಮೇಲಿನ ಆರ್‌ಪಿಎಂನಲ್ಲಿ ಎರಡು ಕಡೆಯ ನೀರಿನ ಮಟ್ಟಕ್ಕೆ ಎಷ್ಟು ಅಂತರ ಬಂತು ನೋಡಿ. ನೀರು ಇಂಜಿನ್ ಕಡೆಗೆ ಎಳೆದುಹೋಗದಷ್ಟು ಎತ್ತರ ಕೊಳವೆಗೆ ಇರಲೇಬೇಕು.

ಹತ್ತು ಸೆಂಟಿಮೀಟರ್ ನೀರು ಅಂದರೆ ಒಂದು ಕಿಲೋಪಾಸ್ಕಲ್, ವಾತಾವರಣದ ಒತ್ತಡದ ಶೇಕಡಾ ಒಂದು. ಅಂತರ 20 ಸೆಂಟಿಮೀಟರ್ ಬಂದರೆ, ಫಿಲ್ಟರನ್ನೇ ಕಿತ್ತು ಬಿಸಾಡಿದರೂ ಸಿಗುವ ಗಾಳಿ ಶೇಕಡಾ 2ರಷ್ಟು ಮಾತ್ರ ಹೆಚ್ಚು. ಅದಕ್ಕೆ ಹೊಸ ಇನ್‌ಟೇಕ್ ಏಕೆ, ಹೊಸ ಪೇಪರ್ ಫಿಲ್ಟರ್ ಸಾಕು. ಅಂತರ 60 ಸೆಂಟಿಮೀಟರ್ ಹತ್ತಿರ ಹೋದರೆ ದಾರಿ ನಿಜಕ್ಕೂ ಇಕ್ಕಟ್ಟಾಗಿದೆ. ಟರ್ಬೊ ಗಾಡಿಯಲ್ಲಿ ಇನ್ನೊಂದು ಮಾತು: ಬೂಸ್ಟ್ ಎಷ್ಟಿರಬೇಕು ಅಂತ ಇಸಿಯು ನಿಗದಿ ಮಾಡಿರುತ್ತದೆ. ಫಿಲ್ಟರ್ ಸಲೀಸಾದರೆ ಟರ್ಬೊ ಸ್ವಲ್ಪ ಆರಾಮಾಗಿ ಅದೇ ಬೂಸ್ಟ್ ಕೊಡುತ್ತದೆ, ಅಷ್ಟೇ.

ಬಾನೆಟ್ ಒಳಗೆ ಬರಿದಾಗಿ ಕೂರುವ ಕೋನ್ ಫಿಲ್ಟರ್ ಬಗ್ಗೆ ನನಗೆ ಒಲವಿಲ್ಲ. ಗಾಳಿ 3 ಡಿಗ್ರಿ ಬಿಸಿಯಾದರೆ ಸಾಂದ್ರತೆ ಸುಮಾರು ಶೇಕಡಾ 1 ಇಳಿಯುತ್ತದೆ. ಟ್ರಾಫಿಕ್‌ನಲ್ಲಿ ನಿಂತು ನಿಂತು ಸಾಗುವಾಗ ರೇಡಿಯೇಟರ್ ಹಿಂದಿನ ಗಾಳಿ ಹೊರಗಿನದಕ್ಕಿಂತ 30 ಡಿಗ್ರಿ ಬಿಸಿ ಇದ್ದರೆ ಲೆಕ್ಕ ನೀವೇ ಹಾಕಿ. ಕಂಪನಿಯ ಫಿಲ್ಟರ್ ಡಬ್ಬ ಫೆಂಡರ್ ಕಡೆಯಿಂದ ತಣ್ಣನೆ ಗಾಳಿ ಎಳೆಯುವುದು ಸುಮ್ಮನೆ ಅಲ್ಲ. ಎಣ್ಣೆ ಹಚ್ಚುವ ಬಗೆಯ ಫಿಲ್ಟರ್‌ಗೆ ಎಣ್ಣೆ ಜಾಸ್ತಿಯಾದರೆ ಏರ್ ಫ್ಲೋ ಸೆನ್ಸರ್‌ಗೆ ಅಂಟಿ ತಪ್ಪು ರೀಡಿಂಗ್ ಬರುತ್ತದೆ. ಧೂಳಿನ ದಾರಿಯಲ್ಲಿ ಓಡುವ ಪಿಕಪ್‌ಗೆ ಒಳ್ಳೆಯ ಪೇಪರ್ ಫಿಲ್ಟರ್‌ನಷ್ಟು ಕಾವಲು ಬೇರೆ ಕೊಡುವುದು ಕಷ್ಟ.

ಸೈಲೆನ್ಸರ್ ಮತ್ತು ಉಳಿದ ಚಿಲ್ಲರೆ

ಟರ್ಬೊ ಗಾಡಿಯಲ್ಲಿ ಟರ್ಬೊ ದಾಟಿದ ಮೇಲಿನ ದಾರಿ ಸಲೀಸಾದರೆ ಟರ್ಬೊ ಬೇಗ ವೇಗ ಹಿಡಿಯುತ್ತದೆ, ಎಕ್ಸಾಸ್ಟ್ ಬಿಸಿಯೂ ಇಳಿಯುತ್ತದೆ. ರೀಮ್ಯಾಪ್ ಜೊತೆಗೆ ಇದಕ್ಕೆ ಅರ್ಥವಿದೆ, ಒಂಟಿಯಾಗಿ ಹಾಕಿಸಿದರೆ ಹೆಚ್ಚಾಗಿ ಸದ್ದಷ್ಟೇ ಲಾಭ. ಟರ್ಬೊ ಇಲ್ಲದ ಪೆಟ್ರೋಲ್‌ನಲ್ಲಿ ತೀರಾ ದಪ್ಪ ಪೈಪ್ ಹಾಕಿದರೆ ಹೊಗೆಯ ವೇಗ ಕುಗ್ಗಿ, ಕೆಳಗಿನ ಆರ್‌ಪಿಎಂನ ಎಳೆತವೇ ಕಡಿಮೆಯಾಗಬಹುದು. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷಾನಿಲ ಕಡಿಮೆ ಮಾಡುವುದು), ಡಿಪಿಎಫ್ (ಡೀಸೆಲ್ ಮಸಿ ಹಿಡಿಯುವ ಫಿಲ್ಟರ್) ಕಿತ್ತುಹಾಕುವ ಸಲಹೆ ಕೊಡುವವರಿಂದ ದೂರ ಇರಿ. ಬಹುತೇಕ ದೇಶಗಳಲ್ಲಿ ಅದು ಕಾನೂನುಬಾಹಿರ, ಹೊಗೆ ತಪಾಸಣೆಯಲ್ಲಿ ಗಾಡಿ ನಿಲ್ಲುತ್ತದೆ, ಆ ಮಸಿ ಹೋಗುವುದು ಹಿಂದೆ ಬರುವವರ ಶ್ವಾಸಕೋಶಕ್ಕೆ. ಡಿಪಿಎಫ್ ಕಟ್ಟಿಕೊಂಡಿದ್ದರೆ ಅದನ್ನು ಸ್ವಚ್ಛ ಮಾಡಿಸಿ, ಕಟ್ಟಿಕೊಂಡದ್ದೇಕೆ ಅಂತ ಹುಡುಕಿಸಿ.

ಥ್ರಾಟಲ್ ಕಂಟ್ರೋಲರ್, ಅಂದರೆ ಪೆಡಲ್‌ಗೆ ಸಿಕ್ಕಿಸುವ ಆ ಪುಟ್ಟ ಡಬ್ಬಿ, ಪವರ್ ಕೊಡುವುದಿಲ್ಲ. ಪೆಡಲ್ ಕಾಲುಭಾಗ ಒತ್ತಿದಾಗ ಅರ್ಧ ಒತ್ತಿದ ಹಾಗೆ ಇಸಿಯುಗೆ ಹೇಳುತ್ತದೆ, ಪೂರ್ತಿ ಒತ್ತಿದರೆ ಅದಿದ್ದರೂ ಇಲ್ಲದಿದ್ದರೂ ಒಂದೇ. ಕಡಿಮೆ ಆಕ್ಟೇನ್‌ಗೆ ಮಾಡಿದ ಇಂಜಿನ್‌ಗೆ ದುಬಾರಿ ಪೆಟ್ರೋಲ್ ಹಾಕಿದರೂ ಅಷ್ಟೇ ಕಥೆ.

ಮಾಡಿಸಿದ ಮೇಲೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ಜಾಗದಲ್ಲಿ ಅದೇ ಓಟ ಓಡಿಸಿ, ಮೊದಲಿನ ಅಂಕಿಗೆ ಹೋಲಿಸಿ. ರೀಮ್ಯಾಪ್ ಆದ ಮೇಲೆ ಇಂಜಿನ್ ಆಯಿಲ್ ಬದಲಿಸುವ ಅಂತರವನ್ನು ಕಡಿಮೆ ಮಾಡಿ. ಏರು ಮುಗಿಸಿದ ಕೂಡಲೆ ಇಂಜಿನ್ ಆರಿಸದೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಪವರ್ ಹೆಚ್ಚಿತು ಅಂತ ಗಾಡಿ ಹೊರುವ, ಎಳೆಯುವ ಮಿತಿ ಹೆಚ್ಚುವುದಿಲ್ಲ. ಅದನ್ನು ನಿರ್ಧರಿಸುವಾಗ ಬ್ರೇಕ್, ಚಾಸಿ, ಆಕ್ಸಲ್, ಕೂಲಿಂಗ್ ಎಲ್ಲ ಲೆಕ್ಕಕ್ಕೆ ಬಂದಿರುತ್ತವೆ.

ವಾರಂಟಿ ಇರುವ ಗಾಡಿಯಾದರೆ ಟ್ಯೂನಿಂಗ್ ಬಗ್ಗೆ ಅದರಲ್ಲಿ ಏನು ಬರೆದಿದೆ ಅಂತ ಮೊದಲೇ ಓದಿ. ವಿಮೆ ಕಂಪನಿಗೆ ತಿಳಿಸದೆ ಮಾಡಿಸಿದರೆ ಕ್ಲೇಮ್ ಸಮಯದಲ್ಲಿ ತಕರಾರು ಬರಬಹುದು. ಟ್ಯೂನರ್ ಓದಿ ತೆಗೆದ ಮೂಲ ಫೈಲನ್ನೂ ಹೊಸ ಫೈಲನ್ನೂ ಕೇಳಿ ಪಡೆದು ನಿಮ್ಮ ಬಳಿ ಇಟ್ಟುಕೊಳ್ಳಿ. ಸರ್ವಿಸ್‌ಗೆ ಬಿಟ್ಟಾಗ ಇಸಿಯು ಅಪ್‌ಡೇಟ್ ಹಾಕಿದರೆ ನಿಮ್ಮ ಟ್ಯೂನ್ ಅಳಿಸಿಹೋಗುತ್ತದೆ. ಅಪ್‌ಡೇಟ್ ಮಾಡುವ ಮುಂಚೆ ನನಗೆ ಫೋನ್ ಮಾಡಿ ಅಂತ ಜಾಬ್ ಕಾರ್ಡ್‌ನಲ್ಲೇ ಬರೆಸಿ ಬನ್ನಿ.